ಉಪ್ಪುನೀರು ಎಲ್ಲೆಲ್ಲಿ ಹೊಕ್ಕಿದೆ? ಹಳೆಯ ರೇಸ್ ಬೋಟಿಗೆ ಮರುಜೀವ ಕೊಡುವ ಬಗೆ

ಟಾರ್ಪಾಲು ಹೊದ್ದು ಇಪ್ಪತ್ತು ವರ್ಷ ಷೆಡ್ಡಿನ ಮೂಲೆಯಲ್ಲಿ ನಿಂತ ರೇಸ್ ಬೋಟನ್ನು ಕಂಡವರು ಮೊದಲು ಎತ್ತುವುದು ಇಂಜಿನ್ನಿನ ಮುಚ್ಚಳವನ್ನೇ. ಏಳು ಲೀಟರಿನ ಎರಡು ವಿ8 ಇಂಜಿನ್ ಅಕ್ಕಪಕ್ಕ ಕೂತಿರುವುದನ್ನು ಕಂಡರೆ, ಬ್ಯಾಟರಿ ಜೋಡಿಸಿ ಒಮ್ಮೆ ಸ್ಟಾರ್ಟ್ ಮಾಡಿಬಿಡೋಣ ಅನ್ನಿಸುವುದು ಸಹಜ. ದಯವಿಟ್ಟು ಮಾಡಬೇಡಿ.

ಬೋಟಿನ ಇಂಜಿನ್ ಕೆಲಸ ನಾನು ಕಲಿತದ್ದು ಮಲ್ಪೆಯ ದಕ್ಕೆಯಲ್ಲಿ, ಮೀನು ಹಿಡಿಯುವ ಬೋಟುಗಳ ಡೀಸೆಲ್ ಇಂಜಿನ್ನುಗಳ ಮೇಲೆ. ಆಮೇಲೆ ಫ್ಲಾರಿಡಾದ ಒಂದು ವರ್ಕ್‌ಶಾಪಿನಲ್ಲಿ ಹಳೆಯ ಪೆಟ್ರೋಲ್ ರೇಸ್ ಬೋಟುಗಳನ್ನು ಬಿಚ್ಚಿ ಕಟ್ಟಿದೆ. ಎರಡೂ ಕಡೆ ಹಿರಿಯರು ಹೇಳಿಕೊಟ್ಟದ್ದು ಒಂದೇ ಪಾಠ: ಮೊದಲು ನೀರು ಎಲ್ಲಿ ಹೊಕ್ಕಿದೆ ನೋಡು, ಕುದುರೆಶಕ್ತಿಯ ಮಾತು ಆಮೇಲೆ. ಈ ಲೇಖನದ ಎಲ್ಲ ಹಂತಗಳೂ ಆ ಹುಡುಕಾಟವೇ.

ಕೈಯಲ್ಲಿರುವುದು ಯಾವ ಬೋಟು?

ತೆರೆದ ಕಡಲಿನ ಈ ಓಟಗಳಿಗೆ ನಾಂದಿಯಾದದ್ದು 1956ರಲ್ಲಿ ಮಯಾಮಿಯಿಂದ ಬಹಾಮಾಸ್‌ನ ನಸ್ಸಾವಿಗೆ ನಡೆದ ಸ್ಪರ್ಧೆ. 1960ರ ಓಟದ ದಿನ ಸಮುದ್ರ ಕೆರಳಿತ್ತು. ರೇ ಹಂಟ್ ವಿನ್ಯಾಸ ಮಾಡಿದ 31 ಅಡಿಯ ‘ಮೋಪಿ’ ಎಂಬ ಮರದ ಬೋಟನ್ನು ಸ್ಯಾಮ್ ಗ್ರಿಫಿತ್ ಮತ್ತು ಡಿಕ್ ಬರ್ಟ್ರಾಮ್ ಎಂಟು ಗಂಟೆಗಳಲ್ಲಿ ನಸ್ಸಾವಿಗೆ ಮುಟ್ಟಿಸಿದರು. ಅದರ ತಳ ಮೂತಿಯಿಂದ ಹಿಂಬದಿಯವರೆಗೂ ಆಳವಾದ ‘ವಿ’ ಆಕಾರದಲ್ಲಿತ್ತು. ಚಪ್ಪಟೆ ತಳದ ಬೋಟುಗಳು ಅಲೆಯ ಮೇಲೆ ಬಡಿದು ಬಡಿದು ನಿಧಾನವಾಗುತ್ತಿದ್ದರೆ ಇದು ಅಲೆಯನ್ನು ಸೀಳಿಕೊಂಡು ಹೋಯಿತು. ಅದೇ ಮರದ ಬೋಟಿನ ಮೇಲೆ ಅಚ್ಚು ತೆಗೆದು ಫೈಬರಿನ ‘ಬರ್ಟ್ರಾಮ್ 31’ ತಯಾರಿಸಿದರು. 1961ರಲ್ಲಿ ಇಂಗ್ಲೆಂಡಿನ ಕೌಸ್‌ನಿಂದ ಟಾರ್ಕಿಗೆ ಓಟ ಶುರುವಾಯಿತು. ಮಯಾಮಿಯ ಡಾನ್ ಅರೊನೋ ಫಾರ್ಮುಲಾ, ಡಾಂಜಿ, ಮ್ಯಾಗ್ನಮ್, ಸಿಗರೇಟ್ ಎಂದು ಒಂದಾದ ಮೇಲೊಂದು ಕಂಪನಿ ಕಟ್ಟಿ, 1967 ಮತ್ತು 1969ರಲ್ಲಿ ತಾನೇ ವಿಶ್ವ ಚಾಂಪಿಯನ್ ಆದ. ಇಂದು ಜನ ಹುಡುಕಿ ರಿಪೇರಿ ಮಾಡುವ ಬೋಟುಗಳಲ್ಲಿ ಹೆಚ್ಚಿನವು ಈ ಕಾಲದವು.

ಕೊಳ್ಳುವ ಮುಂಚೆ ನಂಬರು ನೋಡಿ. ಅಮೆರಿಕದಲ್ಲಿ 1972ರ ನವೆಂಬರ್‌ನಿಂದ ಪ್ರತಿ ಬೋಟಿಗೂ ಹನ್ನೆರಡು ಅಕ್ಷರ-ಅಂಕಿಗಳ ಗುರುತು ಕಡ್ಡಾಯವಾಯಿತು. ಹಿಂಗೋಡೆಯ ಬಲಬದಿಯ ಮೇಲ್ಭಾಗದಲ್ಲಿ ಅದು ಇರುತ್ತದೆ. ಅದಕ್ಕಿಂತ ಹಳೆಯದಾದರೆ ತಯಾರಕರ ಪಟ್ಟಿ, ಹಳೆಯ ಓಟದ ಫೋಟೊ, ಡೆಕ್ಕಿನ ಬಣ್ಣದಡಿ ಉಳಿದಿರುವ ರೇಸ್ ನಂಬರಿನ ಗೆರೆ, ಇವೇ ಸಾಕ್ಷಿ. ಹಾಗಾಗಿ ಹಳೆಯ ಬಣ್ಣವನ್ನು ಒಂದೇ ಏಟಿಗೆ ಉಜ್ಜಿ ತೆಗೆಯಬೇಡಿ. ಪದರ ಪದರವಾಗಿ, ಫೋಟೊ ತೆಗೆದುಕೊಳ್ಳುತ್ತಾ ಇಳಿಸಿ.

ಇಂಜಿನ್ನಿಗಿಂತ ಮೊದಲು ಮರ

ಫೈಬರ್ ಬೋಟಿಗೆ ಕೊಳೆಯುವ ಭಯವಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಹೊರಗಿನ ಚಿಪ್ಪು ಫೈಬರ್, ನಿಜ. ಆದರೆ ತಳದ ಉದ್ದಕ್ಕೂ ಓಡುವ ತೊಲೆಗಳಾದ ಸ್ಟ್ರಿಂಗರ್‌ಗಳ ಒಳಗೆ, ಹಿಂಗೋಡೆಯಾದ ಟ್ರಾನ್ಸಮ್ಮಿನ ನಡುವೆ ಆ ಕಾಲದವರು ಮರ ಇಲ್ಲವೇ ಪ್ಲೈವುಡ್ ಇಟ್ಟಿರುತ್ತಿದ್ದರು. ಇಂಜಿನ್ ಕೂರುವುದು ಆ ಸ್ಟ್ರಿಂಗರ್‌ಗಳ ಮೇಲೆ. ಬೋಲ್ಟಿನ ಒಂದು ತೂತಿನಿಂದ ನೀರು ಇಳಿದರೆ ಸಾಕು, ಹೊರಗೆ ಏನೂ ಕಾಣದಂತೆ ಒಳಗಿನ ಮರ ರಾಗಿ ಮುದ್ದೆಯಷ್ಟು ಮೆತ್ತಗಾಗಿರುತ್ತದೆ.

ಪ್ಲಾಸ್ಟಿಕ್ ತಲೆಯ ಸುತ್ತಿಗೆಯಿಂದ ಅಂಗೈಯಗಲಕ್ಕೊಂದು ಪೆಟ್ಟು ಕೊಡುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಸದ್ದು ಟಣ್ಣೆನ್ನುತ್ತದೆ. ಕೊಳೆತಲ್ಲಿ ಹಣ್ಣಾದ ಹಲಸಿನಕಾಯಿ ತಟ್ಟಿದಂತೆ ಡಬಡಬ. ಅನುಮಾನ ಬಂದಲ್ಲಿ ಸ್ಟ್ರಿಂಗರಿನ ತೀರಾ ಕೆಳಗೆ ಆರು ಮಿಲಿಮೀಟರಿನ ತೂತು ಕೊರೆಯಿರಿ. ಡ್ರಿಲ್ ಬಿಟ್ಟಿನ ಜೊತೆ ತಿಳಿಬಣ್ಣದ ಒಣ ಹೊಟ್ಟು ಬಂದರೆ ತೂತು ಮುಚ್ಚಿ ಮುಂದೆ ಹೋಗಿ. ಕಪ್ಪಗೆ, ಒದ್ದೆಯಾಗಿ, ಹುಳಿವಾಸನೆ ಹೊಡೆದರೆ ಆ ಸ್ಟ್ರಿಂಗರ್ ಹೊರಬರಲೇಬೇಕು. ಮೇಲಿನಿಂದ ತೂತು ಕೊರೆದು ರಾಳ ಸುರಿಯುವ ಸುಲಭದ ದಾರಿ ತೋರಿಸುವವರಿದ್ದಾರೆ. ಒದ್ದೆ ಮರದೊಳಗೆ ರಾಳ ಹೊಗುವುದಿಲ್ಲ. ಎಪ್ಪತ್ತು ಮೈಲಿ ವೇಗದಲ್ಲಿ ಅಲೆಯಿಂದ ಅಲೆಗೆ ಹಾರುವ ಬೋಟಿಗೆ ಈ ಮದ್ದು ಸಲ್ಲದು.

ಮರ ಕೊಯ್ಯುವ ಮುಂಚೆ ಬೋಟನ್ನು ಟ್ರೇಲರಿನಿಂದ ಇಳಿಸಿ, ತಳದ ಆಕಾರಕ್ಕೆ ಹೊಂದುವ ತೊಟ್ಟಿಲಿನಂಥ ಆಸರೆಯ ಮೇಲೆ ಕೂರಿಸಿ. ಹಿಂಭಾಗದ ಕೊನೆಯ ಐದಾರು ಅಡಿಯ ತಳಕ್ಕೆ ಉದ್ದದ ನೇರಪಟ್ಟಿ ಇಟ್ಟು ನೋಡಿ, ಬೆಳಕು ನುಸುಳಬಾರದು. ಅಲ್ಲಿ ತಳ ಕೆಳಕ್ಕೆ ಬಾಗಿದರೆ ಬೋಟು ಮೂತಿ ತಗ್ಗಿಸಿ ಓಡುತ್ತದೆ, ಮೇಲಕ್ಕೆ ಬಾಗಿದರೆ ಮೀನಿನಂತೆ ಕುಪ್ಪಳಿಸುತ್ತದೆ. ಎಲ್ಲ ಸ್ಟ್ರಿಂಗರ್‌ಗಳನ್ನೂ ಒಟ್ಟಿಗೆ ತೆಗೆದುಬಿಟ್ಟರೆ ಈ ಬಾಗು ತಾನೇ ಬರುತ್ತದೆ. ಒಂದನ್ನು ತೆಗೆದು, ಹೊಸದನ್ನು ಕೂರಿಸಿ, ಗಟ್ಟಿಯಾದ ಮೇಲೆ ಇನ್ನೊಂದಕ್ಕೆ ಕೈಹಾಕಿ. ಇಂಜಿನ್ ಬೆಡ್ಡಿನ ಎತ್ತರವನ್ನು ದಾರ ಎಳೆದು ಮೊದಲೇ ಗುರುತಿಸಿಟ್ಟುಕೊಳ್ಳಿ.

ಹೊಸ ಪದರಕ್ಕೆ ಎಪಾಕ್ಸಿ ಎಂಬ ರಾಳವೇ ಬೇಕು. ಬೋಟಿನ ಮೂಲ ರಾಳವಾದ ಹಳೆಯ ಪಾಲಿಯೆಸ್ಟರಿನ ಮೇಲೆ ಹೊಸ ಪಾಲಿಯೆಸ್ಟರ್ ಅಷ್ಟು ಬಿಗಿಯಾಗಿ ಅಂಟುವುದಿಲ್ಲ. ಅಂಚುಗಳನ್ನು ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ, ಮೂಲೆಗಳಿಗೆ ಎಪಾಕ್ಸಿ ಪೇಸ್ಟು ತುಂಬಿ ದುಂಡಗೆ ಮಾಡಿ, ಆಮೇಲೆ ಫೈಬರಿನ ಬಟ್ಟೆ ಹಾಸಿ. ಟ್ರಾನ್ಸಮ್ಮಿಗೂ ಇದೇ ಕ್ರಮ.

ಇಂಜಿನ್: ಕೈಯಿಂದ ತಿರುಗಿಸಿ, ಕಣ್ಣಿನಿಂದ ನೋಡಿ

ಅರವತ್ತು-ಎಪ್ಪತ್ತರ ದಶಕದ ಬೋಟುಗಳಲ್ಲಿ ನಿಮಗೆ ಸಿಗುವುದು ಹೆಚ್ಚಾಗಿ ಫೋರ್ಡ್ ಅಥವಾ ಷೆವ್ರಲೆ 427, 1970ರ ನಂತರ ಷೆವ್ರಲೆ 454, ರೇಸಿಗೆಂದೇ ಬಂದ ಮರ್ಕ್ರೂಸರ್ 482. ಈ ಅಂಕಿಗಳು ಘನ ಇಂಚಿನ ಲೆಕ್ಕ. ಏಳರಿಂದ ಎಂಟು ಲೀಟರ್ ಅಂದುಕೊಳ್ಳಿ. ಮೂಲದಲ್ಲಿ ಎಲ್ಲವೂ ಕಾರು-ಲಾರಿಯ ಇಂಜಿನ್ನುಗಳೇ.

ಹದಿನಾರು ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ ಅದೇ ಕ್ರಮದಲ್ಲಿ ಹಲಗೆಯ ಮೇಲೆ ಇಡಿ. ತುಕ್ಕು ಹಿಡಿದ ಪ್ಲಗ್ ಯಾವ ಸಿಲಿಂಡರಿನದು ಎಂಬುದೇ ನಿಮಗೆ ನೀರಿನ ದಾರಿ ತೋರಿಸುತ್ತದೆ. ಪ್ರತಿ ಸಿಲಿಂಡರಿಗೂ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಎರಡು-ಮೂರು ದಿನ ಕಾಯಿರಿ. ನಂತರ ಕ್ರ್ಯಾಂಕಿನ ಬೋಲ್ಟಿಗೆ ಉದ್ದದ ಹಿಡಿ ಹಾಕಿ ಮೆಲ್ಲಗೆ ತಿರುಗಿಸಿ.

ಯಾವ ಕಡೆಗೆ? ಜೋಡಿ ಇಂಜಿನ್ನಿನ ಬೋಟಿನಲ್ಲಿ ಈ ಪ್ರಶ್ನೆಗೆ ಬಹಳ ತೂಕವಿದೆ. ಎರಡು ಪ್ರೊಪೆಲ್ಲರ್ ಒಂದೇ ಕಡೆ ತಿರುಗಿದರೆ ಬೋಟು ಪಕ್ಕಕ್ಕೆ ಎಳೆಯುತ್ತದೆ. ಅದಕ್ಕೇ ಎಷ್ಟೋ ಬೋಟುಗಳಲ್ಲಿ ಒಂದು ಇಂಜಿನ್ನನ್ನೇ ಉಲ್ಟಾ ತಿರುಗುವಂತೆ ಕಟ್ಟಿರುತ್ತಾರೆ. ಹೊರಗಿನಿಂದ ಎರಡೂ ಅವಳಿ-ಜವಳಿ. ಒಳಗೆ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಬೇರೆ, ಸ್ಟಾರ್ಟರ್ ಮೋಟಾರ್ ಬೇರೆ, ಹಿಂಬದಿಯ ಆಯಿಲ್ ಸೀಲ್ ಬೇರೆ. ಷೆವ್ರಲೆಯ ಮಾಮೂಲಿ ಇಂಜಿನ್ನಿನಲ್ಲಿ ಸಿಲಿಂಡರುಗಳಿಗೆ ಕಿಡಿ ಹಾರುವ ಕ್ರಮ 1-8-4-3-6-5-7-2. ಉಲ್ಟಾ ಇಂಜಿನ್ನಿನಲ್ಲಿ 1-2-7-5-6-3-4-8. ಅಂಗಡಿಯಲ್ಲಿ ‘454ಕ್ಕೆ ಸೀಲ್ ಕೊಡಿ’ ಎಂದಷ್ಟೇ ಕೇಳಿ ತಂದರೆ, ಸೀಲಿನ ಮೈಮೇಲಿನ ಗೆರೆಗಳು ಎಣ್ಣೆಯನ್ನು ಒಳಕ್ಕೆ ತಳ್ಳುವ ಬದಲು ಹೊರಕ್ಕೆ ಎಳೆದು, ಬೋಟಿನ ತಳದ ಗುಂಡಿಯಾದ ಬಿಲ್ಜಿಗೆ ಸುರಿಯುತ್ತವೆ. ವೆಲ್ವೆಟ್ ಡ್ರೈವ್ ಗೇರ್‌ಬಾಕ್ಸ್ ಇದ್ದರೆ ಅದರ ಮುಂದಿನ ಪಂಪನ್ನೂ ಇಂಜಿನ್ ತಿರುಗುವ ದಿಕ್ಕಿಗೆ ಸರಿಯಾಗಿ, ಬಾಣದ ಗುರುತು ನೋಡಿಯೇ ಕೂರಿಸಬೇಕು.

ಇಂಜಿನ್ ಬಿಚ್ಚಿದ ಮೇಲೆ ಮೊದಲ ಪರೀಕ್ಷೆ ಬ್ಲಾಕಿನದು. ಆ ಕಾಲದ ಹಲವು ರೇಸ್ ಇಂಜಿನ್ನುಗಳಲ್ಲಿ ಸಮುದ್ರದ ನೀರೇ ನೇರವಾಗಿ ಸಿಲಿಂಡರುಗಳ ಸುತ್ತಲಿನ ವಾಟರ್ ಜಾಕೆಟ್ಟಿನಲ್ಲಿ ಓಡುತ್ತಿತ್ತು. ಹೊರಗೆ ಹೊಸ ಬಣ್ಣ ಹೊಡೆದ ಬ್ಲಾಕಿನ ಒಳಗೋಡೆ ಉಪ್ಪು ತಿಂದು ಸವೆದಿರಬಹುದು. ಆಸಿಡ್ ತೊಟ್ಟಿಯಲ್ಲಿ ಕಿಲುಬು ತೆಗೆಸಿ, ಸಿಲಿಂಡರ್ ಗೋಡೆಯ ದಪ್ಪವನ್ನು ಧ್ವನಿತರಂಗದ ಮೀಟರಿನಲ್ಲಿ ಅಳೆಸಿ, ಬಿರುಕಿಗೆ ಕಾಂತಪರೀಕ್ಷೆ, ಸೋರಿಕೆಗೆ ಒತ್ತಡ ಪರೀಕ್ಷೆ ಮಾಡಿಸಿ. ಇದೆಲ್ಲ ಮುಗಿಯುವ ತನಕ ಪಿಸ್ಟನ್ನಿಗೆ ದುಡ್ಡು ಕೊಡಬೇಡಿ. ಬ್ಲಾಕಿನ ಬದಿಯ ಉಕ್ಕಿನ ಬಿಲ್ಲೆಗಳ ಜಾಗಕ್ಕೆ ಹಿತ್ತಾಳೆಯವು ಬರಲಿ. ಹೆಡ್ ಗ್ಯಾಸ್ಕೆಟ್ಟೂ ಉಪ್ಪುನೀರಿಗೆ ತಾಳುವ ಮರೀನ್ ಜಾತಿಯದೇ ಆಗಲಿ.

ಕಾರಿನ ಇಂಜಿನ್ ಕಟ್ಟಿ ಪಳಗಿದವರು ಎಡವುವುದು ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಸಡಿಲದಲ್ಲಿ. ಸಮುದ್ರದ ನೀರು ಸಿಲಿಂಡರಿನ ಗೋಡೆಯನ್ನು ತಣ್ಣಗೆ ಹಿಡಿದಿರುತ್ತದೆ. ಪಿಸ್ಟನ್ ಮಾತ್ರ ಗಂಟೆಗಟ್ಟಲೆ ಪೂರ್ಣ ಥ್ರಾಟಲಿನಲ್ಲಿ ಕಾದು ಹಿಗ್ಗುತ್ತದೆ. ಕಾರಿನ ಅಳತೆಯಲ್ಲೇ ಕಟ್ಟಿದರೆ ಕಡಲ ನಡುವೆ ಕಚ್ಚಿಕೊಳ್ಳುತ್ತದೆ. ಪಿಸ್ಟನ್ ತಯಾರಕರು ಮರೀನ್ ಬಳಕೆಗೆ ಕೊಡುವ ಹೆಚ್ಚಿನ ಅಂತರವನ್ನೇ ಹಿಡಿಯಿರಿ, ರಿಂಗಿನ ಸಂದಿಯನ್ನೂ ಅದಕ್ಕೆ ತಕ್ಕಂತೆ ಬಿಡಿ. ನೇರ ಸಮುದ್ರದ ನೀರು ಬಳಸುವುದಾದರೆ ಥರ್ಮೋಸ್ಟಾಟ್ ಸುಮಾರು 60 ಡಿಗ್ರಿ ಸೆಲ್ಸಿಯಸ್ಸಿನದು. ಅದಕ್ಕಿಂತ ಬಹಳ ಬಿಸಿಯಾದರೆ ನೀರಿನಲ್ಲಿರುವ ಲವಣ ಗಟ್ಟಿಯಾಗಿ ಜಾಕೆಟ್ಟಿನ ಗೋಡೆಗೆ ಅಂಟುತ್ತದೆ.

ಹೊಗೆಕೊಳವೆಯಿಂದ ಬರುವ ಕಳ್ಳ

ಹೊಸದಾಗಿ ಕಟ್ಟಿದ ಇಂಜಿನ್ ಒಂದೇ ಹಂಗಾಮಿನಲ್ಲಿ ಹಾಳಾದರೆ ನಾನು ಮೊದಲು ನೋಡುವುದು ಎಕ್ಸಾಸ್ಟನ್ನು. ಬೋಟಿನಲ್ಲಿ ಕಾದ ಹೊಗೆಯನ್ನು ತಣಿಸಲು ಕೊಳವೆಯೊಳಕ್ಕೇ ನೀರು ಬಿಡುತ್ತಾರೆ. ರೇಸಿನ ಕ್ಯಾಮ್‌ಶಾಫ್ಟಿನಲ್ಲಿ ಒಳಗಿನ ಮತ್ತು ಹೊರಗಿನ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು ಜಾಸ್ತಿ. ಇಂಜಿನ್ ನಿಧಾನ ಓಡುವಾಗ, ಆ ಹೊತ್ತಿನಲ್ಲಿ ಮ್ಯಾನಿಫೋಲ್ಡಿನ ನಿರ್ವಾತ ಹೊಗೆಯನ್ನು ಹಿಂದಕ್ಕೆ ಎಳೆಯುತ್ತದೆ. ಹೊಗೆಯ ಜೊತೆ ನೀರಿನ ಹನಿಯೂ ಸಿಲಿಂಡರಿಗೆ ಬರುತ್ತದೆ. ಪೂರ್ಣ ವೇಗದಲ್ಲಿ ಹೋಗುವಾಗ ಏನೂ ಆಗುವುದಿಲ್ಲ. ದಕ್ಕೆಯ ಪಕ್ಕ ಮೆಲ್ಲಗೆ ಬರುವಾಗಲೇ ಹಾನಿ. ನಿಲ್ಲಿಸಿದ ರಾತ್ರಿ ವಾಲ್ವ್ ಸೀಟು ತುಕ್ಕು ಹಿಡಿಯುತ್ತದೆ.

ಪರಿಹಾರ ಎರಡು ಕಡೆ ಇದೆ. ಕ್ಯಾಮ್ ಆರಿಸುವಾಗ ಒಳ ಮತ್ತು ಹೊರ ವಾಲ್ವುಗಳನ್ನು ಎತ್ತುವ ಎರಡು ಉಬ್ಬುಗಳ ನಡುವಿನ ಕೋನ 112ರಿಂದ 114 ಡಿಗ್ರಿ ಇರುವುದನ್ನು ತೆಗೆದುಕೊಳ್ಳಿ. ಹತ್ತಿಪ್ಪತ್ತು ಕುದುರೆಶಕ್ತಿ ಹೋದರೆ ಹೋಗಲಿ. ಕೊಳವೆಯಲ್ಲಿ ನೀರು ಸೇರುವ ಜಾಗ ಆದಷ್ಟು ದೂರದಲ್ಲಿರಲಿ, ಅಲ್ಲಿಂದ ಕೊಳವೆ ಹೊರಕ್ಕೆ ಇಳಿಜಾರಾಗಿರಲಿ. ಹೊಗೆಗೆ ನೀರು ಬೆರೆಯುವ ಹಳೆಯ ಎರಕದ ಕೊಳವೆಗಳಾದ ರೈಸರ್‌ಗಳನ್ನು ಹೊರಗಿನ ಅಂದ ನೋಡಿ ಉಳಿಸಬೇಡಿ. ಒಳಗೋಡೆ ತೂತಾದರೆ ನೀರು ನೇರ ವಾಲ್ವಿಗೆ ಬೀಳುತ್ತದೆ.

ಪೆಟ್ರೋಲು ಬದಲಾಗಿದೆ

ಈ ಬೋಟುಗಳು ಹುಟ್ಟಿದ್ದು ಸೀಸ ಬೆರೆಸಿದ ಪೆಟ್ರೋಲಿನ ಕಾಲದಲ್ಲಿ. ಈಗ ಸೀಸವಿಲ್ಲ, ಆದ್ದರಿಂದ ಹೆಡ್ಡಿಗೆ ಗಟ್ಟಿ ಉಕ್ಕಿನ ಎಕ್ಸಾಸ್ಟ್ ಸೀಟು ಹಾಕಿಸಬೇಕು. ಅದಕ್ಕಿಂತ ದೊಡ್ಡ ತೊಡಕು ಎಥನಾಲಿನದು. ಅಮೆರಿಕದಲ್ಲಿ ಸಾಮಾನ್ಯವಾಗಿ ಶೇ 10, ನಮ್ಮೂರ ಬಂಕುಗಳಲ್ಲಿ ಈಗ ಶೇ 20. ಹಳೆಯ ರಬ್ಬರ್ ಕೊಳವೆ, ಕಾರ್ಬ್ಯುರೇಟರಿನ ಡಯಾಫ್ರಮ್ ಇದರಲ್ಲಿ ಊದಿ ಒಡೆಯುತ್ತವೆ. ಹಳೆಯ ಬರ್ಟ್ರಾಮ್ ಬೋಟುಗಳಲ್ಲಿ ಕೆಲವಕ್ಕೆ ಇಂಧನದ ಟ್ಯಾಂಕೂ ಫೈಬರಿನದೇ. ಎಥನಾಲ್ ಅದರ ರಾಳವನ್ನು ಕರಗಿಸುತ್ತದೆ. ಕರಗಿದ ರಾಳ ವಾಲ್ವಿನ ಕಾಂಡಕ್ಕೆ ಕಪ್ಪು ಅಂಟಾಗಿ ಮೆತ್ತಿಕೊಂಡು ವಾಲ್ವೇ ಸಿಕ್ಕಿಹಾಕಿಕೊಳ್ಳುತ್ತದೆ. ಅಂಥ ಟ್ಯಾಂಕು ಎಷ್ಟೇ ಮೂಲದ್ದಾದರೂ ಕಿತ್ತು ಅಲ್ಯೂಮಿನಿಯಂ ಟ್ಯಾಂಕ್ ಕೂರಿಸಿ. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ, ಹೆಚ್ಚಾದಾಗ ನೀರಿನ ಜೊತೆ ತಳಕ್ಕೆ ಇಳಿದು ನಿಲ್ಲುತ್ತದೆ. ಟ್ಯಾಂಕಿಗೂ ಪಂಪಿಗೂ ನಡುವೆ ನೀರು ಬೇರ್ಪಡಿಸುವ ಫಿಲ್ಟರ್ ಇರಲೇಬೇಕು.

ಮೂಲರೂಪ ಉಳಿಸಬೇಕೆಂಬ ಹಟ ನನಗೂ ಇದೆ. ಆದರೆ ಬೆಂಕಿಯ ವಿಷಯದಲ್ಲಿ ರಾಜಿಯಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಸೋರಿದ್ದು ಬಿಲ್ಜಿನಲ್ಲಿ ಕೂತು ಒಂದು ಕಿಡಿಗಾಗಿ ಕಾಯುತ್ತದೆ. ಕಾರಿನ ಸ್ಟಾರ್ಟರ್, ಆಲ್ಟರ್ನೇಟರ್, ಕಾರ್ಬ್ಯುರೇಟರ್ ಅಗ್ಗಕ್ಕೆ ಸಿಗುತ್ತವೆ, ಬೋಲ್ಟೂ ಹೊಂದುತ್ತದೆ, ಆದರೂ ಹಾಕಬಾರದು. ಮರೀನ್ ಸ್ಟಾರ್ಟರಿನ ಕಿಡಿ ಹೊರಬರುವುದಿಲ್ಲ. ಮರೀನ್ ಕಾರ್ಬ್ಯುರೇಟರಿನಲ್ಲಿ ತುಂಬಿ ಹರಿದ ಪೆಟ್ರೋಲ್ ಹೊರಗೆ ಚೆಲ್ಲದೆ ಇಂಜಿನ್ನಿನ ಒಳಕ್ಕೇ ಬೀಳುತ್ತದೆ. ಕಾರ್ಬ್ಯುರೇಟರಿನ ಮೇಲೆ ಜ್ವಾಲೆ ತಡೆಯುವ ಜಾಲರಿ ಇರಲಿ. ಸ್ಟಾರ್ಟ್ ಮಾಡುವ ಮುಂಚೆ ನಾಲ್ಕು ನಿಮಿಷ, ಆವಿ ಹೊರಹಾಕುವ ಬ್ಲೋವರ್ ಓಡಲಿ. ಓಡಿಸುವವರ ಮೈಗೆ ಕಟ್ಟಿಕೊಳ್ಳುವ ಇಂಜಿನ್ ಬಂದ್ ಮಾಡುವ ಹಗ್ಗವೂ ಬೇಕು. ಇವನ್ನೆಲ್ಲ ಹಳೆಯ ನೋಟ ಕೆಡದಂತೆ ಜೋಡಿಸಲು ಬರುತ್ತದೆ.

ನೀರಿಗೆ ಇಳಿಸುವುದು

ಇಂಜಿನ್ನಿನಿಂದ ಪ್ರೊಪೆಲ್ಲರಿಗೆ ನೇರ ಶಾಫ್ಟ್ ಇರುವ ಬೋಟಾದರೆ ಅವುಗಳ ಅಂತಿಮ ಜೋಡಣೆಯನ್ನು ಟ್ರೇಲರಿನ ಮೇಲೆ ಮುಗಿಸಬೇಡಿ. ನೀರಿಗಿಳಿದ ಮೇಲೆ ಬೋಟಿನ ಮೈ ಸ್ವಲ್ಪ ಬದಲಾಗುತ್ತದೆ. ಎರಡು ದಿನ ತೇಲಲು ಬಿಟ್ಟು, ಇಂಜಿನ್ ಮತ್ತು ಶಾಫ್ಟ್ ಕೂಡುವ ಕಪ್ಲಿಂಗಿನ ಎರಡು ಮುಖಗಳ ಸಂದಿಯನ್ನು ನಾಲ್ಕೂ ಕಡೆ ಫೀಲರ್ ಗೇಜಿನಿಂದ ಅಳೆಯಿರಿ. ವ್ಯತ್ಯಾಸ ಇಂಚಿನ ಸಾವಿರ ಭಾಗಗಳಲ್ಲಿ ಮೂರು ಭಾಗದೊಳಗೆ ಬರುವವರೆಗೆ ಇಂಜಿನ್ನಿನ ಕಾಲುಗಳನ್ನು ಹೊಂದಿಸಿ.

ಮೊದಲ ಸ್ಟಾರ್ಟಿಗೆ ಮುಂಚೆ ಡ್ರಿಲ್ಲಿನಿಂದ ಆಯಿಲ್ ಪಂಪ್ ತಿರುಗಿಸಿ ಗೇಜಿನ ಮುಳ್ಳು ಏರುವುದನ್ನು ನೋಡಿ. ಹೊಸ ಕ್ಯಾಮಿಗೆ ಸತು ಹೆಚ್ಚಿರುವ ಎಣ್ಣೆ ಹಾಕಿ, ಶುರುವಾದ ಕೂಡಲೇ 2000 ಆರ್‌ಪಿಎಮ್‌ಗೆ ಏರಿಸಿ ಇಪ್ಪತ್ತು ನಿಮಿಷ ಹಿಡಿಯಿರಿ. ಐಡಲಿನಲ್ಲಿ ಬಿಟ್ಟರೆ ಕ್ಯಾಮಿನ ಉಬ್ಬು ಸವೆಯುತ್ತದೆ. ಕಡಲಿನಲ್ಲಿ ಇಂಜಿನ್ ತನ್ನ ಗರಿಷ್ಠ ಆರ್‌ಪಿಎಮ್ ಮುಟ್ಟದಿದ್ದರೆ ಪ್ರೊಪೆಲ್ಲರಿನ ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ಸಾಗುವ ದೂರ, ಇಳಿಸಿ. ಒಂದಿಂಚು ಇಳಿಸಿದರೆ ಸುಮಾರು 150ರಿಂದ 200 ಆರ್‌ಪಿಎಮ್ ಏರುತ್ತದೆ.

ದಡಕ್ಕೆ ಬರುವಾಗ ಕಾಲು ಗಂಟೆ ಬೇಕೆಂದೇ ನಿಧಾನ ಓಡಿಸಿ. ಕಟ್ಟಿದ ಮೇಲೆ, ಇಂಜಿನ್ ತಣಿದ ಕೂಡಲೇ ಹದಿನಾರೂ ಪ್ಲಗ್ ಬಿಚ್ಚಿ ಮತ್ತೆ ಅದೇ ಹಲಗೆಯ ಮೇಲೆ ಸಾಲಾಗಿ ಇಡಿ. ಒಂದರ ತುದಿಯಲ್ಲಿ ಹನಿ ಕಂಡರೂ ಎಕ್ಸಾಸ್ಟಿಗೆ ವಾಪಸ್ ಹೋಗಬೇಕು. ಹದಿನಾರೂ ಒಣಗಿದ್ದರೆ ಪ್ಲಗ್ ತಿರುಗಿಸಿ ಹಾಕಿ, ಸಿಹಿನೀರಿನ ಪೈಪು ಹಚ್ಚಿ ಉಪ್ಪೆಲ್ಲ ತೊಳೆದು ಹೋಗುವ ತನಕ ಹತ್ತು-ಹದಿನೈದು ನಿಮಿಷ ಇಂಜಿನ್ ಓಡಿಸಿ, ಕಡೆಗೆ ಬ್ಲಾಕಿನ ಡ್ರೈನ್ ಬೋಲ್ಟ್ ಬಿಚ್ಚಿ ನೀರು ಇಳಿಸಿಬಿಡಿ.