ವಿಚ್ಛೇದನ: ಸಹಿ ಹಾಕುವ ಮೊದಲು ಲೆಕ್ಕ ಹಾಕಿ

ಡೈವೋರ್ಸ್ ಆಗಿ ಎರಡು ವರ್ಷವಾದ ಮೇಲೆ ನನ್ನ ಚಿಕ್ಕಮ್ಮನ ಮಗಳಿಗೆ ಬ್ಯಾಂಕಿನಿಂದ ಫೋನು ಬಂತು. ಮೂರು ತಿಂಗಳಿಂದ ಮನೆ ಸಾಲದ ಕಂತು ಬಂದಿಲ್ಲ, ನೀವು ಯಾವಾಗ ಕಟ್ಟುತ್ತೀರಿ ಎಂದು ಕೇಳಿದರು. ಮನೆ ಮಾಜಿ ಗಂಡನಿಗೇ ಹೋಗಿತ್ತು. ಕಂತು ಅವನೇ ಕಟ್ಟಬೇಕೆಂದು ಕೋರ್ಟಿನ ಒಪ್ಪಂದದಲ್ಲೂ ಬರೆದಿತ್ತು. ಆದರೆ ಸಾಲದ ಪತ್ರದಲ್ಲಿ ಇಬ್ಬರ ಸಹಿ ಹಾಗೇ ಇತ್ತು. ಒಪ್ಪಂದ ಆದದ್ದು ಗಂಡ ಹೆಂಡತಿ ನಡುವೆ, ಬ್ಯಾಂಕು ಅದರಲ್ಲಿ ಪಾರ್ಟಿಯೇ ಆಗಿರಲಿಲ್ಲ. ಹಾಗಾಗಿ ಅವಳೂ ಸಾಲಗಾರಳೇ. ಅಷ್ಟು ಹೊತ್ತಿಗೆ ಅವಳ ಕ್ರೆಡಿಟ್ ಸ್ಕೋರ್ ಕೆಳಗೆ ಬಿದ್ದಾಗಿತ್ತು.

ಅವಳ ಕೇಸಿನ ಪ್ರತಿ ಮುದ್ದತಿಗೂ ಜೊತೆಗೆ ಹೋದವಳು ನಾನು. ಅಳು, ಕೋಪ, ಮರ್ಯಾದೆಯ ಬಗ್ಗೆ ಮನೆಯಲ್ಲಿ ಎಲ್ಲರೂ ಮಾತಾಡಿದರು. ಸಾಲದ ಪತ್ರದ ಬಗ್ಗೆ ಒಬ್ಬರೂ ಮಾತಾಡಲಿಲ್ಲ, ನಾನೂ ಸೇರಿದಂತೆ. ಈ ದಾರಿಯಲ್ಲಿರುವ ಬೇರೆಯವರಿಗೆ ಹಾಗೆ ಆಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಜೀವ, ಆಮೇಲೆ ಕೇಸು

ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಉಳಿದದ್ದೆಲ್ಲ ಪಕ್ಕಕ್ಕಿಡಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ನೊಂದ ಮಹಿಳೆಯರಿಗೆ ನೆರವಾಗುವ ಸಾಂತ್ವನ ಕೇಂದ್ರಗಳೂ ಸಖಿ ಕೇಂದ್ರಗಳೂ ರಾಜ್ಯದಲ್ಲಿ ಇವೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ರಕ್ಷಣೆ ಕೇಳಲು ವಿಚ್ಛೇದನದ ಅರ್ಜಿ ಹಾಕಿರಲೇಬೇಕು ಎಂದಿಲ್ಲ. ಅರ್ಜಿ ಹಾಕಿದ ಮೂರು ದಿನದೊಳಗೆ ಮೊದಲ ವಿಚಾರಣೆ ಇಡಬೇಕು ಎಂದು ಕಾಯ್ದೆಯಲ್ಲೇ ಇದೆ. ಎಷ್ಟೋ ಸಲ ತಡವಾಗುತ್ತದೆ, ಆದರೂ ಕೇಳುವುದನ್ನು ಬಿಡಬೇಡಿ.

'ಮನೆ ನನ್ನ ಹೆಸರಲ್ಲಿದೆ, ಹೊರಗೆ ನಡಿ' ಎಂದು ಅತ್ತೆ ಮಾವ ಹೇಳಿದರೆ ಹೆದರಬೇಡಿ. ಸೊಸೆ ಸಂಸಾರ ಮಾಡಿಕೊಂಡಿದ್ದ ಮನೆ ಗಂಡನ ಹೆಸರಲ್ಲಿ ಇರದಿದ್ದರೂ ಅಲ್ಲಿ ವಾಸದ ಹಕ್ಕು ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಫೈಲು ಕಟ್ಟಿ

ಮನೆ ಬಿಟ್ಟು ಬಂದ ಮೇಲೆ ಕಾಗದ ಸಿಗುವುದು ಕಷ್ಟ. ಮದುವೆ ನೋಂದಣಿ ಪತ್ರ, ಅದಿಲ್ಲದಿದ್ದರೆ ಲಗ್ನಪತ್ರಿಕೆ ಮತ್ತು ಮದುವೆಯ ಫೋಟೊ, ಮಕ್ಕಳ ಜನನ ಪತ್ರ, ಇಬ್ಬರ ಸಂಬಳದ ಚೀಟಿ, ಆದಾಯ ತೆರಿಗೆ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ವಿಮೆ, ಪಿಎಫ್, ಸಾಲದ ಪತ್ರ, ಎಲ್ಲದರ ಪ್ರತಿ ಮಾಡಿಸಿ. ಫೋಟೊ ತೆಗೆದು ನಿಮಗೊಬ್ಬರಿಗೇ ಗೊತ್ತಿರುವ ಹೊಸ ಇಮೇಲ್‌ಗೆ ಕಳಿಸಿಕೊಳ್ಳಿ.

ಆಸ್ತಿ ಯಾರ ಹೆಸರಲ್ಲಿದೆ ಎಂದು ಯಾರನ್ನೂ ಬೇಡಬೇಕಾಗಿಲ್ಲ. ಹೊಲದ ಪಹಣಿ ಭೂಮಿ ಪೋರ್ಟಲ್‌ನಲ್ಲಿ ಸಿಗುತ್ತದೆ. ಮನೆ, ಸೈಟಿನ ಋಣಭಾರ ಪತ್ರ, ಅಂದರೆ ನಾವು ಸಾಮಾನ್ಯವಾಗಿ ಇಸಿ ಅನ್ನುವುದು, ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತದೆ. ಇತ್ತೀಚೆಗೆ ಯಾರಿಗಾದರೂ ದಾನಪತ್ರ ಮಾಡಿಕೊಟ್ಟಿದ್ದಾರಾ, ಅಡ ಇಟ್ಟಿದ್ದಾರಾ ಎಂಬುದು ಇಸಿಯಲ್ಲೇ ಗೊತ್ತಾಗುತ್ತದೆ. ಆಸ್ತಿ ಕೈ ಬದಲಿಸುವ ಸೂಚನೆ ಕಂಡರೆ ಕೂಡಲೇ ವಕೀಲರಿಗೆ ತಿಳಿಸಿ. ತಡೆಯಾಜ್ಞೆ ಕೇಳಲು ದಾರಿಯಿದೆ.

ಒಡವೆ ವಿಷಯಕ್ಕೆ ಸ್ವಲ್ಪ ನಿಲ್ಲೋಣ. ತವರಿನವರು ಕೊಟ್ಟದ್ದು, ಅತ್ತೆ ಮನೆಯವರು ಪ್ರೀತಿಯಿಂದ ಹಾಕಿದ್ದು, ಬಂಧು ಬಳಗ ಉಡುಗೊರೆ ಕೊಟ್ಟದ್ದು, ಹೆಣ್ಣಿಗೆಂದು ಕೊಟ್ಟದ್ದೆಲ್ಲ ಸ್ತ್ರೀಧನ. ಅದರ ಒಡತಿ ಅವಳೊಬ್ಬಳೇ. ಗಂಡನ ಮನೆಯವರ ಬೀರುವಿನಲ್ಲಿದ್ದರೆ ಅವರು ಬರೀ ಕಾಯುವವರು, ಕೇಳಿದಾಗ ವಾಪಸ್ ಕೊಡಬೇಕು. 1985ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಆದರೆ ಏನೇನಿತ್ತು ಎಂದು ತೋರಿಸುವ ಕೆಲಸ ನಿಮ್ಮದೇ. ಅಂಗಡಿ ಬಿಲ್ಲು ಕಳೆದುಹೋಗಿದ್ದರೆ ಮದುವೆಯ ಆಲ್ಬಂ ತೆಗೆಯಿರಿ. ಯಾವ ಫೋಟೊದಲ್ಲಿ ಯಾವ ಸರ, ಎಷ್ಟು ಬಳೆ ಎಂದು ಅಮ್ಮನ ಜೊತೆ ಕೂತು ಪಟ್ಟಿ ಮಾಡಿ. ನಾವು ಒಂದು ಇಡೀ ಭಾನುವಾರ ಹೀಗೆ ಕೂತಿದ್ದೆವು. ಆ ಪಟ್ಟಿಯಿಂದಲೇ ಮುಕ್ಕಾಲು ಪಾಲು ಒಡವೆ ವಾಪಸ್ ಬಂತು. ತೆಗೆದುಕೊಳ್ಳುವಾಗ ಇಬ್ಬರು ಸಾಕ್ಷಿಗಳಿರಲಿ, ಪಟ್ಟಿಗೆ ಎರಡೂ ಕಡೆಯ ಸಹಿ ಇರಲಿ.

ಬಾಂಡ್ ಪೇಪರಿನ ಸೋಡಚೀಟಿ ನಡೆಯುವುದಿಲ್ಲ

ಊರ ಹಿರಿಯರು ಕೂತು, ಬಾಂಡ್ ಪೇಪರಿನ ಮೇಲೆ 'ಇಂದಿನಿಂದ ನಮಗೂ ಅವರಿಗೂ ಸಂಬಂಧವಿಲ್ಲ' ಎಂದು ಬರೆಸಿ, ನೋಟರಿ ಸೀಲು ಹಾಕಿಸುವುದು ಇವತ್ತಿಗೂ ನಡೆಯುತ್ತಿದೆ. ಉತ್ತರ ಕರ್ನಾಟಕದ ಕಡೆ ಸೋಡಚೀಟಿ ಅನ್ನುತ್ತಾರೆ. ಇದರಿಂದ ಮದುವೆ ಮುರಿಯುವುದಿಲ್ಲ. ಸಮುದಾಯದಲ್ಲಿ ಬಹಳ ಹಿಂದಿನಿಂದ ಅಂಥ ಪದ್ಧತಿ ಇದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡಿದರೆ ಮಾತ್ರ ಬೆಲೆ, ಅದು ಸುಲಭವಲ್ಲ. ಈ ಚೀಟಿ ನಂಬಿ ಮತ್ತೊಂದು ಮದುವೆಯಾದರೆ ಎರಡನೇ ಮದುವೆ ಅಸಿಂಧು, ಮೇಲೆ ಕ್ರಿಮಿನಲ್ ಕೇಸಿನ ಭಯ. ದಯವಿಟ್ಟು ಯಾರ ಒತ್ತಾಯಕ್ಕೂ ಸಹಿ ಹಾಕಬೇಡಿ.

ವಕೀಲರು ಮತ್ತು ಫೀಸು

ದುಡ್ಡಿಲ್ಲ ಎಂದು ಸುಮ್ನೆ ಕೂರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಉಚಿತ ವಕೀಲರು ಸಿಗುತ್ತಾರೆ, ಆದಾಯ ಎಷ್ಟೇ ಇದ್ದರೂ ಸರಿ. ಪರಿಶಿಷ್ಟ ಜಾತಿ, ಪಂಗಡದವರಿಗೂ ಅಂಗವಿಕಲರಿಗೂ ಹಾಗೆಯೇ. ಉಳಿದ ಗಂಡಸರಿಗೆ ಆದಾಯದ ಮಿತಿ ಇದೆ. ಜಿಲ್ಲಾ ಕೋರ್ಟಿನಲ್ಲಿ ಜಿಲ್ಲಾ ಪ್ರಾಧಿಕಾರ, ತಾಲ್ಲೂಕು ಕೋರ್ಟಿನಲ್ಲಿ ತಾಲ್ಲೂಕು ಸಮಿತಿ ಇರುತ್ತದೆ. ಸಹಾಯವಾಣಿ 15100. ಬೆಂಗಳೂರಿನವರು ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಹೋಗಬಹುದು. ಕೌಟುಂಬಿಕ ನ್ಯಾಯಾಲಯವೂ ಅಲ್ಲೇ ಇದೆ.

ಖಾಸಗಿ ವಕೀಲರನ್ನು ಇಟ್ಟುಕೊಂಡರೆ ಒಟ್ಟು ಎಷ್ಟು, ಯಾವ ಹಂತಕ್ಕೆ ಎಷ್ಟು ಎಂದು ಬರೆಸಿಕೊಳ್ಳಿ. ಖಾಲಿ ಹಾಳೆಗೆ ಸಹಿ ಬೇಡ. ಕೇಸನ್ನು ಗುರುತಿಸುವ, ಅಕ್ಷರ ಅಂಕಿ ಸೇರಿ 16 ಇರುವ ಸಿಎನ್‌ಆರ್ ನಂಬರ್ ಇಸಿದುಕೊಂಡರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ತಾರೀಖು ನೀವೇ ನೋಡಬಹುದು. ಇನ್ನೊಂದು ಮಾತು: ಎದುರಿನವರು ಕೇಸು ಹಾಕಿ ನಿಮಗೆ ಸಮನ್ಸ್ ಬಂದರೆ ತಪ್ಪದೆ ಹೋಗಿ. ಹೋಗದಿದ್ದರೆ ಏಕಪಕ್ಷೀಯವಾಗಿ ತೀರ್ಪು ಬಂದುಬಿಡಬಹುದು.

ಒಪ್ಪಿಗೆಯೋ, ತಕರಾರೋ

ಹಿಂದೂ ವಿವಾಹ ಕಾಯ್ದೆ 1955ರದ್ದು. ವೀರಶೈವರು, ಲಿಂಗಾಯತರು, ಜೈನರು, ಬೌದ್ಧರು, ಸಿಖ್ಖರೂ ಇದರಡಿಯೇ ಬರುತ್ತಾರೆ. ಇದರ 13ಬಿ ಕಲಮು ಪರಸ್ಪರ ಒಪ್ಪಿಗೆಯ ವಿಚ್ಛೇದನದ್ದು. ಕನಿಷ್ಠ ಒಂದು ವರ್ಷ ಬೇರೆಯಾಗಿ ಬದುಕಿರಬೇಕು. ಒಂದೇ ಸೂರಿನಡಿ ಇದ್ದೂ ಸಂಸಾರ ಮಾಡದಿದ್ದರೆ ಅದೂ ಬೇರೆ ಬದುಕಿದಂತೆಯೇ. ಇಬ್ಬರೂ ಸೇರಿ ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು, 18 ತಿಂಗಳೊಳಗೆ ಮತ್ತೆ ಬಂದು ಒಪ್ಪಿಗೆ ಹೇಳಬೇಕು. ಕೂಡಿ ಬಾಳುವ ಸಾಧ್ಯತೆ ಇಲ್ಲವೇ ಇಲ್ಲ, ಮಕ್ಕಳು ಮತ್ತು ಹಣದ ವಿಷಯ ಇತ್ಯರ್ಥವಾಗಿದೆ ಎಂದು ಕಂಡರೆ ಈ ಆರು ತಿಂಗಳನ್ನು ಕೋರ್ಟು ಬಿಟ್ಟುಕೊಡಬಹುದು. 2017ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ದಾರಿ ಮಾಡಿತು. ಕೊನೆಯ ಆದೇಶ ಆಗುವ ತನಕ ಯಾರು ಬೇಕಾದರೂ ಒಪ್ಪಿಗೆ ಹಿಂದಕ್ಕೆ ಪಡೆಯಬಹುದು, ನೆನಪಿರಲಿ.

ಒಬ್ಬರು ಒಪ್ಪದಿದ್ದರೆ ಕ್ರೌರ್ಯ, ಎರಡು ವರ್ಷ ತೊರೆದದ್ದು, ವ್ಯಭಿಚಾರದಂಥ ಕಾರಣ ಕೊಟ್ಟು ಸಾಬೀತು ಮಾಡಬೇಕು. ವರ್ಷಗಟ್ಟಲೆ ಹಿಡಿಯುತ್ತದೆ. ಮದುವೆ ನಡೆದ ಊರು, ಕೊನೆಗೆ ಜೊತೆಗಿದ್ದ ಊರು, ಎದುರಿನವರು ಇರುವ ಊರು, ಈ ಮೂರರಲ್ಲಿ ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ಹೆಂಡತಿ ಅರ್ಜಿದಾರಳಾದರೆ ಈಗ ತಾನಿರುವ ಊರಲ್ಲೇ ಹಾಕಬಹುದು. ತವರಿಗೆ ಬಂದವರಿಗೆ ಇದು ದೊಡ್ಡ ಅನುಕೂಲ.

ಜಡ್ಜ್ ಸಾಮಾನ್ಯವಾಗಿ ಮೊದಲು ಮಧ್ಯಸ್ಥಿಕೆಗೆ ಕಳಿಸುತ್ತಾರೆ. ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ 2007ರಿಂದ ಕೆಲಸ ಮಾಡುತ್ತಿದೆ. ಅಲ್ಲಿ ಆಡಿದ ಮಾತು ಗುಟ್ಟಾಗಿಯೇ ಉಳಿಯುತ್ತದೆ, ನಿಮ್ಮ ವಿರುದ್ಧ ಸಾಕ್ಷಿಯಾಗುವುದಿಲ್ಲ. ಹಾಗಾಗಿ ಬಿಚ್ಚು ಮನಸ್ಸಿನಿಂದ ಮಾತಾಡಿ.

1954ರ ವಿಶೇಷ ವಿವಾಹ ಕಾಯ್ದೆಯಡಿ ರಿಜಿಸ್ಟರ್ ಮದುವೆಯಾದವರಿಗೆ ಅದೇ ಕಾಯ್ದೆ, ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ ಅನ್ವಯಿಸುತ್ತದೆ. ಮುಸ್ಲಿಂ ಮಹಿಳೆಯರಿಗೆ ಖುಲಾ (ಹೆಂಡತಿ ಕೇಳಿ ಪಡೆಯುವ ವಿಚ್ಛೇದನ), ಮುಬಾರತ್ (ಇಬ್ಬರೂ ಒಪ್ಪಿ ಬೇರೆಯಾಗುವುದು) ಜೊತೆಗೆ 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯ ದಾರಿಯೂ ಇದೆ. ಒಂದೇ ಉಸಿರಿನ ಮೂರು ತಲಾಖ್ 2019ರಿಂದ ಅಪರಾಧ. ಇನ್ನು ಮುಂದೆ ಹೇಳುವ ಹಣದ ಮಾತು ಬಹುಪಾಲು ಎಲ್ಲರಿಗೂ ಒಂದೇ.

ಜೀವನಾಂಶ: ಎಷ್ಟು ಕೇಳಬೇಕು

ಕೇಸು ಮುಗಿಯುವ ತನಕ ಕಾಯಬೇಕಿಲ್ಲ, ಮಧ್ಯಂತರ ಜೀವನಾಂಶ ಕೇಳಬಹುದು. ಜೀವನಾಂಶ ಕೇಳಲು ಇದ್ದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಹಳೆ 125ರಡಿ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿತು. ಹಿಂದೂ ವಿವಾಹ ಕಾಯ್ದೆಯಡಿ ಆದಾಯವಿಲ್ಲದ ಗಂಡನೂ ಕೇಳಬಹುದು.

2020ರ ನವೆಂಬರಿನಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಬಂದ ತೀರ್ಪಿನ ಹೆಸರು ನೆನಪಿಟ್ಟುಕೊಳ್ಳಿ. ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚು ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಕೊಡಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಹೆಂಡತಿ ದುಡಿಯುತ್ತಾಳೆ ಎಂಬ ಒಂದೇ ಕಾರಣಕ್ಕೆ ಇಲ್ಲ ಎನ್ನುವಂತಿಲ್ಲ. ನಿಮ್ಮ ಆದಾಯವನ್ನೂ ಮುಚ್ಚಿಡಬೇಡಿ. ಸಿಕ್ಕಿಬಿದ್ದರೆ ನಿಮ್ಮ ಉಳಿದ ಮಾತನ್ನೂ ಕೋರ್ಟು ನಂಬುವುದಿಲ್ಲ.

ಗಂಡನ ಕೈಗೆ ಬರುವ ಸಂಬಳದ ಶೇ 25ರಷ್ಟು ನ್ಯಾಯವಾದದ್ದು ಎಂದು 2017ರ ಒಂದು ತೀರ್ಪಿನಲ್ಲಿದೆ. ಅದು ಎಲ್ಲರಿಗೂ ಕಟ್ಟಿದ ದರವಲ್ಲ. ಆರು ತಿಂಗಳ ನಿಜವಾದ ಖರ್ಚು ಬರೆದಿಡಿ: ಬಾಡಿಗೆ, ರೇಷನ್, ಔಷಧಿ, ಸ್ಕೂಲ್ ಫೀಸು, ಆಟೊ.

144ನೇ ಕಲಮಿನಡಿ ಆದೇಶವಾಗಿಯೂ ದುಡ್ಡು ಬರದಿದ್ದರೆ, ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕು. 'ಪಾಪ, ಕೊಡ್ತಾನೆ' ಎಂದು ಕಾದು ಕೂತು ಈ ಗಡುವು ದಾಟಿಸಿದವರನ್ನು ನೋಡಿದ್ದೇನೆ.

ಇಡಿಗಂಟೋ, ತಿಂಗಳಿಗಿಷ್ಟೋ? ಒಂದು ಲೆಕ್ಕ ಮಾಡಿ. ತಿಂಗಳಿಗೆ 15,000 ರೂಪಾಯಿ ಅಂದರೆ ವರ್ಷಕ್ಕೆ 1.8 ಲಕ್ಷ. ಶೇ 6 ಬಡ್ಡಿಯ ಠೇವಣಿಯಿಂದ ಅಷ್ಟು ಬರಬೇಕಾದರೆ 30 ಲಕ್ಷ ಬೇಕು. ಹತ್ತು ಲಕ್ಷ ಒಟ್ಟಿಗೆ ನೋಡಿದಾಗ ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಅದೇ ಬಡ್ಡಿಗೆ ಅದು ತಿಂಗಳಿಗೆ 5,000 ತರುತ್ತದೆ ಅಷ್ಟೇ. ಆದರೂ ಎದುರಿನವರು ಕೆಲಸ ಬಿಡುವ, ವಿದೇಶಕ್ಕೆ ಹೋಗುವ ಸೂಚನೆ ಇದ್ದರೆ ಇಡಿಗಂಟೇ ಮೇಲು ಎಂಬುದು ನನ್ನ ಅಭಿಪ್ರಾಯ. ತಿಂಗಳ ಹಣವಾದರೆ ವರ್ಷಕ್ಕೆ ಎಷ್ಟು ಏರಬೇಕು ಎಂದು ಒಪ್ಪಂದದಲ್ಲೇ ಬರೆಸಿ. ತಿಂಗಳ ಹಣವನ್ನು ಸಾಮಾನ್ಯವಾಗಿ ಆದಾಯ ಎಂದು ನೋಡಿ ತೆರಿಗೆ ಹಾಕುತ್ತಾರೆ, ಇಡಿಗಂಟನ್ನು ಹಾಗೆ ನೋಡುವುದಿಲ್ಲ. ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿ.

ಇಡಿಗಂಟಿಗೆ ಮುಂದಿನ ತಾರೀಖಿನ ಚೆಕ್ ನಂಬಬೇಡಿ. ಕೊನೆಯ ಹೇಳಿಕೆ ಕೊಡುವ ದಿನ ಜಡ್ಜ್ ಎದುರಿಗೇ ಡಿಡಿ ಕೈಗೆ ಬರಲಿ.

ಮನೆ, ಸಾಲ, ಜಂಟಿ ಖಾತೆ

ವಿಚ್ಛೇದನವಾದರೆ ಆಸ್ತಿಯಲ್ಲಿ ಅರ್ಧ ಬರುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. ನಮ್ಮ ರಾಜ್ಯದಲ್ಲಿ ಅಂಥ ಕಾನೂನಿಲ್ಲ. ಪತ್ರದಲ್ಲಿ ಯಾರ ಹೆಸರಿದೆ, ದುಡ್ಡು ಯಾರು ಹಾಕಿದರು ಎಂಬುದೇ ಮುಖ್ಯ. ಮುಂಗಡ ಕೊಟ್ಟದ್ದು, ಕಂತು ಕಟ್ಟಿದ್ದು ನಿಮ್ಮ ಖಾತೆಯಿಂದಾಗಿದ್ದರೆ ಸ್ಟೇಟ್‌ಮೆಂಟ್ ಜೋಪಾನ. ಗಂಡನ ಪಿತ್ರಾರ್ಜಿತ ಹೊಲದಲ್ಲಿ ಹೆಂಡತಿಗೆ ಪಾಲು ಬರುವುದಿಲ್ಲ. ಆದರೆ ಅಪ್ಪ ಅಮ್ಮ ಬೇರೆಯಾದರು ಎಂದು ಮಕ್ಕಳ ಹಕ್ಕು ಹೋಗುವುದಿಲ್ಲ.

ಜಂಟಿ ಮನೆಯನ್ನು ಒಬ್ಬರು ಇಟ್ಟುಕೊಂಡರೆ ಎರಡು ಕೆಲಸ ಆಗಬೇಕು. ಹಕ್ಕು ಬಿಡುಗಡೆ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಬೇಕು. ಸಾಲವನ್ನು ಅವರೊಬ್ಬರ ಹೆಸರಿಗೇ ಮಾಡಿಸಬೇಕು, ಬ್ಯಾಂಕು ಒಪ್ಪದಿದ್ದರೆ ಬೇರೆ ಬ್ಯಾಂಕಿಗೆ ವರ್ಗಾಯಿಸಬೇಕು ಅಥವಾ ಮನೆ ಮಾರಿ ತೀರಿಸಬೇಕು. ಇದು ಕೊನೆಯ ಸಹಿಗೆ ಮೊದಲೇ ಆಗಲಿ. ನಮ್ಮವಳು ಎಡವಿದ್ದು ಇಲ್ಲೇ.

ಯಾರು ಬೇಕಾದರೂ ತೆಗೆಯಬಹುದಾದ ಜಂಟಿ ಖಾತೆಯನ್ನು ಇಬ್ಬರ ಸಹಿಯ ಖಾತೆ ಮಾಡುವಂತೆ ಬ್ಯಾಂಕಿಗೆ ಪತ್ರ ಕೊಡಿ. ನಿಮ್ಮ ಕ್ರೆಡಿಟ್ ಕಾರ್ಡಿನ ಮೇಲೆ ಅವರಿಗೆ ಕೊಡಿಸಿದ ಆ್ಯಡ್-ಆನ್ ಕಾರ್ಡ್ ನಿಲ್ಲಿಸಿ, ಯುಪಿಐ ಪಿನ್ ಬದಲಿಸಿ.

ಮಕ್ಕಳು

ಇಲ್ಲಿ ಕೋರ್ಟು ನೋಡುವುದು ಮಗುವಿನ ಹಿತ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ. ಭೇಟಿಯ ವಾರ, ಹಬ್ಬ, ಬೇಸಿಗೆ ರಜೆ, ಫೀಸು, ಆಸ್ಪತ್ರೆ ಖರ್ಚು ಎಲ್ಲ ಬಿಡಿಬಿಡಿಯಾಗಿ ಬರೆಸಿ. 'ಇಬ್ಬರೂ ಮಾತಾಡಿಕೊಂಡು' ಎಂಬ ಸಾಲು ಆಮೇಲೆ ಜಗಳದ ಬೀಜವಾಗುತ್ತದೆ.

ಆದೇಶಕ್ಕೆ ಮೊದಲೂ, ಬಂದ ಮೇಲೂ

ಗಂಡನ ಕಂಪನಿಯ ಆರೋಗ್ಯ ವಿಮೆಯಲ್ಲಿದ್ದರೆ ವಿಚ್ಛೇದನದೊಂದಿಗೆ ಅದು ಹೋಗುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಶುಗರ್, ಥೈರಾಯ್ಡ್ ಇರುವವರು ಕೇಸು ನಡೆಯುವಾಗಲೇ ಸ್ವಂತ ಪಾಲಿಸಿ ಮಾಡಿಸಿ.

ಆದೇಶದ ದೃಢೀಕೃತ ಪ್ರತಿ ನಾಲ್ಕೈದು ತೆಗೆದಿಡಿ. ಪಿಎಫ್, ವಿಮೆ, ಠೇವಣಿ, ಮ್ಯೂಚುವಲ್ ಫಂಡ್ ನಾಮಿನಿ ತಾನಾಗಿ ಬದಲಾಗುವುದಿಲ್ಲ, ಒಂದೊಂದಾಗಿ ನೀವೇ ಬದಲಿಸಬೇಕು. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಗಂಡ ಮಾಡಿಸಿದ ವಿಮೆ ಇದ್ದರೆ ಅದು ಹೆಂಡತಿ ಮಕ್ಕಳದ್ದು, ಅವನೊಬ್ಬನೇ ಬದಲಿಸಲಾರ. ಪಡಿತರ ಚೀಟಿ ಬೇರೆ ಮಾಡಿಸಿ. ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದು ಚೀಟಿಯಲ್ಲಿ ಯಜಮಾನಿ ಎಂದಿರುವವರಿಗೆ. ಮರುಮದುವೆಯ ಯೋಚನೆ ಇದ್ದರೆ ಮೇಲ್ಮನವಿಯ ಅವಧಿ ಮುಗಿದಿದೆಯೇ ಎಂದು ವಕೀಲರನ್ನು ಕೇಳಿ.

ಸಿಬಿಲ್‌ನಂಥ ಪ್ರತಿ ಕ್ರೆಡಿಟ್ ಮಾಹಿತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಆದೇಶ ಬಂದ ಮೂರು ತಿಂಗಳಿಗೆ ಅದನ್ನು ತರಿಸಿ ನೋಡಿ. ಹಳೆ ಸಾಲದಲ್ಲಿ ನಿಮ್ಮ ಹೆಸರು ಇನ್ನೂ ಕಂಡರೆ ಮಾರನೇ ದಿನವೇ ಬ್ಯಾಂಕಿಗೆ ಹೋಗಿ ಲಿಖಿತವಾಗಿ ಅರ್ಜಿ ಕೊಡಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.