ನಿಂತಲ್ಲೇ ಓಡುವ ಎಂಜಿನ್‌ಗೆ ಗಂಟೆ ಲೆಕ್ಕದ ಸರ್ವೀಸ್: ನನ್ನ ಅನುಭವ

ಫ್ರಿಜ್ಜು, ಫ್ಯಾನು, ಲ್ಯಾಪ್‌ಟಾಪಿಗೆಂದು ಗಾಡಿ ನಿಲ್ಲಿಸಿ ಎಂಜಿನ್ ಓಡಿಸುವಾಗ ಕಿಲೋಮೀಟರ್ ಒಂದೂ ಏರುವುದಿಲ್ಲ, ಆಯಿಲ್ ಮಾತ್ರ ಸವೆಯುತ್ತಲೇ ಇರುತ್ತದೆ. ಟ್ರ್ಯಾಕ್ಟರ್, ಜೆಸಿಬಿ ಇಟ್ಟವರು ಸರ್ವೀಸನ್ನು ಗಂಟೆಯಲ್ಲೇ ಎಣಿಸುತ್ತಾರೆ. ಒಳಗೇ ಮಲಗುವಂತೆ ಕ್ಯಾಂಪರ್ ಮಾಡಿಕೊಂಡ ನನ್ನ ಡೀಸೆಲ್ ಟಿಟಿಗೂ (ಟೆಂಪೋ ಟ್ರಾವೆಲರ್) ಅದೇ ಲೆಕ್ಕ.

ಮೊದಲು ಎಂಜಿನ್ ಓಡಿದ ಗಂಟೆ ಎಣಿಸುವ ಒಂದು ಅವರ್ ಮೀಟರ್ ಹಾಕಿಸಿ. ಟ್ರ್ಯಾಕ್ಟರ್ ಸ್ಪೇರ್ ಅಂಗಡಿಯಲ್ಲಿ ಸಿಗುತ್ತದೆ. ಅದರ ಪಾಸಿಟಿವ್ ವೈರನ್ನು ಇಗ್ನಿಷನ್‌ಗೆ ಕೊಟ್ಟರೆ ಕೀ ತಿರುಗಿಸಿ ಹಾಡು ಕೇಳಿದ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಡಿ-ಪ್ಲಸ್ ಟರ್ಮಿನಲ್‌ಗೆ ಕೊಟ್ಟರೆ ಎಂಜಿನ್ ಓಡಿದ ಹೊತ್ತು ಮಾತ್ರ ಸಿಗುತ್ತದೆ. ಆ ಟರ್ಮಿನಲ್ ಇಲ್ಲದ ಗಾಡಿಗೆ ಅದುರುವಿಕೆಯಿಂದ ಓಡುವ ಮೀಟರ್ ಅಂಟಿಸಿದರೆ ಸಾಕು. ನಿಲ್ಲಿಸಿದಾಗ ಒಮ್ಮೆ, ಹೊರಡುವಾಗ ಒಮ್ಮೆ ರೀಡಿಂಗ್ ಬರೆದಿಡುತ್ತೇನೆ. ಎರಡರ ವ್ಯತ್ಯಾಸವೇ ಐಡ್ಲಿಂಗ್, ಅಂದರೆ ನಿಂತಲ್ಲೇ ಓಡಿದ ಗಂಟೆ.

1 ಗಂಟೆ ಐಡ್ಲಿಂಗ್ ಅಂದರೆ 40 ಕಿ.ಮೀ. ಓಟ. ಫೋರ್ಡ್ ತನ್ನ ಟ್ರಕ್‌ಗಳಿಗೆ ಹೇಳುವ 25 ಮೈಲಿಯೂ ಇಷ್ಟೇ. ಆಯಿಲ್ ಬದಲಿಗೆ 10,000 ಕಿ.ಮೀ. ಇಟ್ಟುಕೊಂಡಿದ್ದೀರಿ, ಕಳೆದ ಬದಲಿಯಿಂದ ಓಡೊಮೀಟರ್ 4,600 ಏರಿದೆ, ಐಡ್ಲಿಂಗ್ 110 ಗಂಟೆ ಆಗಿದೆ ಎಂದುಕೊಳ್ಳಿ. 4,600ಕ್ಕೆ 4,400 ಸೇರಿಸಿದರೆ 9,000. ಸರ್ವೀಸ್ ಹತ್ತಿರ ಬಂತು! ಬರೀ ನಿಂತೇ ಓಡಿದರೂ 250 ಗಂಟೆಗೆ ಆಯಿಲ್, ಆಯಿಲ್ ಫಿಲ್ಟರ್ ಎರಡೂ ಬದಲಾಗಬೇಕು. ಹ್ಯಾಂಡ್‌ಬುಕ್ಕಿನಲ್ಲಿ ಕಠಿಣ ಬಳಕೆಗೆ ಇದಕ್ಕಿಂತ ಕಡಿಮೆ ಹೇಳಿದ್ದರೆ ಅದನ್ನೇ ಹಿಡಿಯಿರಿ.

ಐಡ್ಲಿಂಗಿನಲ್ಲಿ ಡೀಸೆಲ್ ಎಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ. ಪೂರ್ತಿ ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್‌ಗೆ ಸೇರಿ ಅದನ್ನು ತೆಳುವಾಗಿಸುತ್ತದೆ, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸುವ ಇಜಿಆರ್ ವಾಲ್ವಿನಲ್ಲಿ ಮಸಿ ಕಟ್ಟುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಏರಿದ್ದರೆ ಖುಷಿಪಡಬೇಡಿ, ಡೀಸೆಲ್ ವಾಸನೆ ಇದೆಯೇ ಎಂದು ಮೂಸಿ ನೋಡಿ. ಒಂದು ಹನಿಯನ್ನು ಟಿಶ್ಯೂ ಪೇಪರಿನ ಮೇಲೆ ಬಿಟ್ಟು ಅರ್ಧ ಗಂಟೆ ಕಾಯಿರಿ. ನಡುವಿನ ಕಪ್ಪು ಚುಕ್ಕೆಯ ಸುತ್ತ ತಿಳಿಬಣ್ಣದ ಅಗಲ ಉಂಗುರ ಹರಡಿದರೆ ಡೀಸೆಲ್ ಬೆರೆತಿದೆ ಎಂದು ಅನುಮಾನಿಸಿ. ಹಾಗಾದರೆ ಸರ್ವೀಸಿನ ಗಂಟೆ ತುಂಬುವವರೆಗೆ ಕಾಯದೆ ಆಯಿಲ್ ಇಳಿಸಿ.

ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್-6 ಗಾಡಿಗೆ ಇನ್ನಷ್ಟು ಕಷ್ಟ. ಮಸಿ ಸುಡಲು ಎಕ್ಸಾಸ್ಟ್ ಸುಮಾರು 600 ಡಿಗ್ರಿ ಮುಟ್ಟಬೇಕು, ಐಡ್ಲಿಂಗಿನಲ್ಲಿ ಅದು ತಾನಾಗಿ ಆಗುವುದಿಲ್ಲ. ಕ್ಯಾಂಪ್ ಬಿಟ್ಟ ಮೇಲೆ ಹೈವೇಯಲ್ಲಿ 2,000 ಆರ್‌ಪಿಎಂ ದಾಟಿಸಿ ಅರ್ಧ ಗಂಟೆಯಾದರೂ ಓಡಿಸಿ. ಮಸಿ ಸುಡುತ್ತಿರುವಾಗ ಎಂಜಿನ್ ಆಫ್ ಮಾಡುತ್ತಲೇ ಹೋದರೆ ಆಯಿಲ್‌ಗೆ ಮತ್ತಷ್ಟು ಡೀಸೆಲ್ ಇಳಿಯುತ್ತದೆ. ಆಗ ಎಕ್ಸಾಸ್ಟ್ ಅಷ್ಟು ಕಾದಿರುವುದರಿಂದ ಗಾಡಿಯನ್ನು ಒಣಹುಲ್ಲಿನ ಮೇಲಂತೂ ನಿಲ್ಲಿಸಲೇಬೇಡಿ.

ಆಲ್ಟರ್ನೇಟರ್ ಐಡ್ಲಿಂಗಿನಲ್ಲಿ ಪೂರ್ತಿ ಕರೆಂಟ್ ಕೊಡುವುದಿಲ್ಲ, ತಂಪೂ ಆಗುವುದಿಲ್ಲ. ಲಿಥಿಯಂ ಬ್ಯಾಟರಿಯನ್ನು ನೇರ ಜೋಡಿಸಿದರೆ ಅದು ಎಳೆಯುವ ರಭಸಕ್ಕೆ ಆಲ್ಟರ್ನೇಟರಿನ ವೈಂಡಿಂಗ್ ಸುಡಬಹುದು. ನಡುವೆ ಆ ಎಳೆತಕ್ಕೆ ಮಿತಿ ಹಾಕುವ 30 ಆಂಪಿಯರ್ ಡಿಸಿ-ಡಿಸಿ ಚಾರ್ಜರ್ ಹಾಕಿ. ಅದರಿಂದ ಗಂಟೆಗೆ ಸಿಗುವುದು ಸುಮಾರು 400 ವ್ಯಾಟ್-ಅವರ್. ಖಾಲಿಯಾದ 100 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ತುಂಬಲು ಮೂರು ಗಂಟೆಗೂ ಹೆಚ್ಚು ಬೇಕು, ಅಂದರೆ ಎಂಜಿನ್‌ಗೆ 120 ಕಿ.ಮೀ.ಗೂ ಮಿಕ್ಕಿದ ಸವೆತ. 400 ವ್ಯಾಟ್ ಸೋಲಾರ್ ಒಳ್ಳೆಯ ಬಿಸಿಲಿನ ಒಂದೇ ದಿನದಲ್ಲಿ ಇಷ್ಟನ್ನು ಕೊಡುತ್ತದೆ. ಹಾಗಾಗಿ ನಾನು ಐಡ್ಲಿಂಗನ್ನು ಮೋಡದ ದಿನಗಳಿಗೆ ಮಾತ್ರ ಇಟ್ಟುಕೊಂಡಿದ್ದೇನೆ.

ಬೆಲ್ಟ್, ಏರ್ ಫಿಲ್ಟರ್, ಕೂಲೆಂಟ್ ಬದಲಿಗೂ ಇದೇ ಕೂಡಿದ ಕಿಲೋಮೀಟರ್ ನೋಡಿ. ಎಂಜಿನ್ ಓಡುತ್ತಿರುವಾಗ ಒಳಗೆ ಮಲಗಬೇಡಿ, ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ (ಸಿಒ) ವಾಸನೆ ಇಲ್ಲ. ಮಂಚದ ಪಕ್ಕ ಒಂದು ಸಿಒ ಅಲಾರಂ ಇರಲೇಬೇಕು.