ಎಲೆ ಹಾಕಿದ ಮೇಲೆ: ಮನೆಯಲ್ಲಿ ಬಡಿಸುವ ಕ್ರಮ

ಅಡುಗೆ ಚೆನ್ನಾಗಿದ್ದೂ ಊಟ ಕೆಡುವುದು ಬಡಿಸುವಾಗ. ಎಲೆಯ ಮೇಲೆ ಅನ್ನ ಬಿದ್ದಿರುತ್ತದೆ, ಸಾರು ಇನ್ನೂ ಒಲೆಯ ಮೇಲಿರುತ್ತದೆ. ನೆಂಟರು ಕೈ ಒಣಗಿಸಿಕೊಂಡು ಕೂರಬೇಕಾಗುತ್ತದೆ.

ಎಲೆ: 8 ಜನಕ್ಕೆ 10 ಕುಡಿಎಲೆ ತನ್ನಿ, ಒಂದೆರಡು ಹರಿದೇ ಹರಿಯುತ್ತವೆ. ತೊಳೆದು ಒರೆಸಿ, ಕುಡಿ ಉಣ್ಣುವವರ ಎಡಕ್ಕೆ ಬರುವಂತೆ ಹಾಕಿ. ಬಾಳೆಎಲೆಯ ಚಿತ್ರ ಅಚ್ಚೊತ್ತಿದ, ಪ್ಲಾಸ್ಟಿಕ್ ಪದರದ ಕಾಗದದ ಎಲೆ ಖಂಡಿತ ಬೇಡ. ಎಲೆ ಸಿಗದಿದ್ದರೆ ಮುತ್ತುಗದ ಎಲೆಯಾದೀತು, ಅಡಿಕೆ ಹಾಳೆಯ ತಟ್ಟೆಯೂ ಆದೀತು.

ಮೇಲಿನ ಸಾಲು: ಉಪ್ಪು, ಉಪ್ಪಿನಕಾಯಿ, ಪಲ್ಯ, ಗೊಜ್ಜು ನೆಂಟರು ಕೂರುವ ಮೊದಲೇ ಬೀಳಲಿ. ಕೋಸಂಬರಿ ಮಾತ್ರ ಕೊನೆಗೆ. ಉಪ್ಪು ಬೆರೆತ ಸೌತೆಕಾಯಿ ಹತ್ತೇ ನಿಮಿಷದಲ್ಲಿ ನೀರು ಬಿಡುತ್ತದೆ, ಆ ನೀರು ಹರಿದು ಪಲ್ಯ ಸೇರುತ್ತದೆ. ನೆನೆಸಿದ ಹೆಸರುಬೇಳೆಯನ್ನು ಪೂರ್ತಿ ಬಸಿದಿಡಿ. ಉಪ್ಪು, ನಿಂಬೆರಸ ಬೆರೆಸುವುದು ಎಲ್ಲರೂ ಕೂತ ಮೇಲೆ.

ಅನ್ನ, ಸಾರು: ಕಷ್ಟವೆಲ್ಲ ಇಲ್ಲಿದೆ. 8 ಜನಕ್ಕೆ ಬಡಿಸುವವರು ಇಬ್ಬರು ಬೇಕು. ಒಬ್ಬರೇ ಆದರೆ ಕೊನೆಯ ಎಲೆಗೆ ಅನ್ನ ಬೀಳುವಷ್ಟರಲ್ಲಿ ಮೊದಲ ಎಲೆಯದು ಆರಿರುತ್ತದೆ. ಒಬ್ಬರು ಅನ್ನ ಹಾಕುತ್ತ ಮುಂದೆ ನಡೆಯಲಿ, ಇನ್ನೊಬ್ಬರು ಎರಡು ಎಲೆ ಹಿಂದೆ ತೊವ್ವೆ ಹಿಡಿದು ಬರಲಿ. ಅನ್ನ ಹಾಕಿದವರೇ ತಿರುಗಿ ಬಂದು ಮಿಳ್ಳೆಯಿಂದ ಕಾದ ತುಪ್ಪ ಹಾಕಲಿ. ತುಪ್ಪ ಬಿದ್ದ ಮೇಲೆ "ಸಾವಕಾಶವಾಗಿ ಆಗಲಿ" ಅನ್ನಿ.

ಮೊದಲ ಸಲ ಒಂದೇ ಸೌಟು ಅನ್ನ. ರಾಶಿ ಹಾಕಿದರೆ ತೊವ್ವೆಯಲ್ಲೇ ಹೊಟ್ಟೆ ತುಂಬಿ, ಸಾರು, ಹುಳಿಗೆ ಜಾಗವಿರುವುದಿಲ್ಲ. ಮೈಸೂರು ಕಡೆ ಸಾರು ಮೊದಲು, ಹುಳಿ ಆಮೇಲೆ. ಎಲೆಗೆ ಅಂಚಿಲ್ಲ ಅನ್ನುವುದು ನೆನಪಿರಲಿ: ಸಾರಿನ ಸೌಟನ್ನು ಅನ್ನಕ್ಕೆ ನಾಲ್ಕು ಬೆರಳಷ್ಟು ಹತ್ತಿರ ತನ್ನಿ, ಅವರು ಗುಳಿ ಮಾಡಿಕೊಳ್ಳುವವರೆಗೆ ತಡೆಯಿರಿ, ಅರ್ಧ ಸೌಟು ಬಿಟ್ಟು ನಿಲ್ಲಿಸಿ, ಆಮೇಲೆ ಉಳಿದದ್ದು. ಎತ್ತರದಿಂದ ಸುರಿದರೆ ಹನಿ ಹಾರಿ ಬಟ್ಟೆಗೆ ಬೀಳುತ್ತದೆ. ಪ್ರತಿ ಎಲೆಗೂ ತಳದಿಂದ ಒಮ್ಮೆ ಕದಡಿ. ಇಲ್ಲದಿದ್ದರೆ ಮೊದಲಿನವರಿಗೆ ತಿಳಿ, ಕೊನೆಯವರಿಗೆ ಗಷ್ಟು.

"ಸಾಕಾ?" ಅನ್ನಬೇಡಿ. ಆ ಮಾತಿಗೆ ಸಂಕೋಚದವರು "ಸಾಕು" ಎಂದೇ ಅನ್ನುತ್ತಾರೆ. "ಬಿಸಿ ಅನ್ನ ತಂದಿದ್ದೇನೆ, ಹುಳಿಗೆ ಹಾಕಲಾ?" ಅನ್ನಿ. ಎಲೆಯ ಮೇಲೆ ಕೈ ಅಡ್ಡ ಬಂತೋ, ಸೌಟು ಹಿಂದೆ ಹೋಗಬೇಕು. ಬೆರಳ ಸಂದಿಯಲ್ಲಿ ಮೈಸೂರು ಪಾಕ್ ತುರುಕುವುದು ಉಪಚಾರವಲ್ಲ. ಸಕ್ಕರೆ ಕಾಯಿಲೆಯವರಿಗೆ ಅದು ಹಿಂಸೆ. ಸಿಹಿಯನ್ನು ಅರ್ಧ ತುಂಡು ಮಾಡಿ ಇಡಿ, ಬೇಕಾದವರು ಇನ್ನರ್ಧ ಕೇಳುತ್ತಾರೆ.

ಮಜ್ಜಿಗೆ ಅನ್ನ: ಇದಕ್ಕೆ ಅನ್ನ ಸಾಲದೆ ಪರದಾಡುವ ಮನೆಗಳೇ ಹೆಚ್ಚು. ಚಿತ್ರಾನ್ನವೂ ಸೇರಿ 8 ಜನಕ್ಕೆ ಒಂದು ಕೆ.ಜಿ. ಸೋನಾ ಮಸೂರಿ ಇಟ್ಟುಕೊಳ್ಳಿ. ನಿಧಾನವಾಗಿ ಉಣ್ಣುವವರು ಮುಗಿಸುವ ತನಕ ಯಾರ ಎಲೆಯನ್ನೂ ಎತ್ತಬೇಡಿ.

ತಾಂಬೂಲ: ಮೈಸೂರು ಚಿಗುರೆಲೆ, ಅಡಿಕೆ, ಏಲಕ್ಕಿ ಬಾಳೆ. ತಟ್ಟೆಯನ್ನು ಊಟಕ್ಕೆ ಮೊದಲೇ ಜೋಡಿಸಿ, ಒದ್ದೆ ಬಟ್ಟೆ ಮುಚ್ಚಿಡಿ. ಸುಣ್ಣದ ಡಬ್ಬಿ ಒಣಗಿದೆಯೇ ಎಂದು ಆಗಲೇ ತೆರೆದು ನೋಡಿ.